ಹಾಲವಾಣ ಪಟ್ಟೆಯ ಮಹಜರು

ಎಸ್ಟೇಟ್ ಕೂಲಿಗಳ ಚರಿತ್ರೆ ಬರೆಯಲು ಹೊರಟವರಿಗೆ ಬದುಕಿದ್ದವರ ಸುದ್ದಿ ಅಷ್ಟೋ ಇಷ್ಟೋ ಸಿಗುತ್ತದೆ, ಸತ್ತವರದು ಸಿಗುವುದಿಲ್ಲ. ಹಾಜರಿಯಲ್ಲಿ ಒಂದು ವಾರ ಹೆಸರಿರುತ್ತದೆ, ಮುಂದಿನ ವಾರ ಇರುವುದಿಲ್ಲ. ಓಡಿಹೋದರೋ, ಬೇರೆ ತೋಟಕ್ಕೆ ಸೇರಿದರೋ, ಜ್ವರ ಬಂದು ಹೋದರೋ ಎಂದು ಬರೆದಿಡುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಹಾಗಾಗಿ ಯಾವ ತೋಟಕ್ಕೆ ಕಾಲಿಟ್ಟರೂ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: ಇಲ್ಲಿ ಸತ್ತ ಕೂಲಿಗಳನ್ನು ಎಲ್ಲಿ ಮಣ್ಣು ಮಾಡುತ್ತಿದ್ದರು? ಕೇಳಿದ ಕೂಡಲೇ ಮಾಲೀಕರ ಮುಖ ಹುಳ್ಳಗಾಗುತ್ತಿತ್ತು. ಅಲ್ಲಿಯವರೆಗೆ ಊಟ ಮಾಡಿಕೊಂಡೇ ಹೋಗಬೇಕೆಂದು ಒತ್ತಾಯಿಸುತ್ತಿದ್ದವರು ಬಸ್ಸಿನ ಹೊತ್ತನ್ನು ನೆನಪಿಸುತ್ತಿದ್ದರು.

ಗೋಣಿಬೀಡಿನಿಂದ ಒಳಕ್ಕೆ ಜೀಪಿನ ದಾರಿಯಲ್ಲಿದ್ದ ಆ ತೋಟದ ಮಾಲೀಕರು ಮಾತ್ರ ಹಾಗೆ ಮಾಡಲಿಲ್ಲ. ಅವರು ನನ್ನನ್ನು ತಪ್ಪು ತಿಳಿದಿದ್ದರು. ತೋಟದ ಚರಿತ್ರೆ ಎಂದರೆ ತಮ್ಮ ಅಜ್ಜನ ಚರಿತ್ರೆ ಎಂದುಕೊಂಡು, ಅಜ್ಜ ಸತ್ತ ಹುಲಿಯ ಮೇಲೆ ಕಾಲಿಟ್ಟು ನಿಂತ ಫೋಟೋವನ್ನು ಗೋಡೆಯಿಂದ ಇಳಿಸಿ ಕೈಗೇ ಕೊಟ್ಟರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾಫಿಯ ರೇಟು ನೆಲ ಕಚ್ಚುತ್ತಿತ್ತು. ಬೆಳೆಯನ್ನು ನಂಬಿ ಪ್ರಯೋಜನವಿಲ್ಲ ಎಂದುಕೊಂಡ ಮಾಲೀಕರು ಒಬ್ಬೊಬ್ಬರಾಗಿ ಬೆಂಗಳೂರಿನ ಪ್ರವಾಸಿಗಳಿಗೆ ಕಾಟೇಜು ಕಟ್ಟಿಸುವ ಆಲೋಚನೆಯಲ್ಲಿದ್ದರು. ಇವರದೂ ಅದೇ ಯೋಜನೆ. ತೋಟಕ್ಕೆ ಒಂದು ಘನತೆಯ ಇತಿಹಾಸವಿದ್ದರೆ ಗಿರಾಕಿಗಳಿಗೆ ಇಷ್ಟವಾಗುತ್ತದೆ, ಎರಡು ಪುಟ ಬರೆದುಕೊಡಿ ಎಂದರು. ನೋಡೋಣ ಎಂದೆ. ಒಳಗೆ ಬಿಡಲಿ ಎಂಬುದಷ್ಟೇ ನನಗೆ ಬೇಕಿತ್ತು.

ನನ್ನ ಜೊತೆ ಓಡಾಡಲು, ಕೂಲಿಗಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿಯನ್ನು ಬಿಟ್ಟರು. ಐವತ್ತು ದಾಟಿದ ಮನುಷ್ಯ, ಅವನ ಅಪ್ಪನೂ ಅದೇ ತೋಟದಲ್ಲಿ ಮೇಸ್ತ್ರಿಯಾಗಿದ್ದವನು. ದಾರಿ ತೋರಿಸುವುದು ಅವನ ಕೆಲಸದ ಅರ್ಧ, ನಾನು ಯಾರ ಜೊತೆ ಏನು ಮಾತಾಡಿದೆ ಎಂದು ಬಂಗಲೆಗೆ ಮುಟ್ಟಿಸುವುದು ಇನ್ನರ್ಧ. ಅದು ನನಗೂ ಗೊತ್ತಿತ್ತು, ನನಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು. ಹಾಗಾಗಿ ನಾವಿಬ್ಬರೂ ಚೆನ್ನಾಗಿಯೇ ಹೊಂದಿಕೊಂಡೆವು.

ಕೂಲಿಗಳನ್ನು ಮಾತಾಡಿಸುವುದಕ್ಕೆ ಒಂದು ಕ್ರಮವಿದೆ. ಕೆಲಸದ ಹೊತ್ತಿನಲ್ಲಿ ಹೋದರೆ ಅವರ ಕೂಲಿಗೆ ಕುತ್ತು. ಸಂಜೆ ಹೋದರೆ ನೀರು, ಸೌದೆ, ಅಡುಗೆ ಎಂದು ಹೆಂಗಸರಿಗೆ ಪುರುಸೊತ್ತಿರುವುದಿಲ್ಲ. ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತರೆ ಮಾತು ತಾನಾಗಿ ಹುಟ್ಟುತ್ತದೆ. ಟೇಪ್ ರೆಕಾರ್ಡರನ್ನು ಮೊದಲ ದಿನ ಚೀಲದಿಂದ ತೆಗೆಯಲೇಬಾರದು. ಎರಡನೇ ದಿನ ತೆಗೆದು, ಅವರದೇ ಮಕ್ಕಳ ಹಾಡು ತುಂಬಿಸಿ ಅವರಿಗೇ ಕೇಳಿಸಬೇಕು. ನಾನು ಅದನ್ನೆಲ್ಲ ಶಿಸ್ತಾಗಿ ಮಾಡಿದೆ. ಮೂರನೇ ಭಾನುವಾರ, ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಲೈನು ಮನೆಗಳ ತುದಿಯ ಕೋಣೆಯಲ್ಲಿದ್ದ ಅಜ್ಜಿ ತಾನೇ ಕರೆದು ಕೂರಿಸಿಕೊಂಡಳು.

ಅಜ್ಜಿ ಘಟ್ಟದ ಕೆಳಗಿನವಳು. ಅವಳ ಅಪ್ಪ ಅಮ್ಮನನ್ನು ಹಿಂದೊಬ್ಬ ಮೇಸ್ತ್ರಿ ಮುಂಗಡ ಕೊಟ್ಟು ಹತ್ತಿಸಿಕೊಂಡು ಬಂದಿದ್ದ. ಇವಳು ತೋಟದಲ್ಲೇ ಬೆಳೆದು, ತೋಟದಲ್ಲೇ ಮದುವೆಯಾಗಿ, ಬೆನ್ನು ಬಾಗುವ ತನಕ ಹಣ್ಣು ಕೊಯ್ದವಳು. ಗಂಡ ಒಂದು ಸಲ ಊರಿಗೆ ಹೋಗಿಬರುತ್ತೇನೆಂದು ಘಟ್ಟ ಇಳಿದವನು ಮತ್ತೆ ಬರಲಿಲ್ಲ. ಇದ್ದದ್ದು ಒಂದು ಹೆಣ್ಣು ಮಗು, ಅದೂ ಹುಟ್ಟಿದ ಮಳೆಗಾಲದಲ್ಲೇ ಹೋಯಿತು. ಈಗ ತೋಟದಲ್ಲಿ ಕೆಲಸಕ್ಕಿದ್ದ ತಂಗಿಯ ಮಗಳ ಕೋಣೆಯಲ್ಲಿ ಅವಳಿಗೊಂದು ಮೂಲೆ ಸಿಕ್ಕಿತ್ತು. ಎಲೆಯಡಿಕೆ ಕುಟ್ಟುತ್ತ, ನನ್ನ ಪ್ರಶ್ನೆಗೆ ಅವಳು ಬೆರಳು ತೋರಿಸಿದ್ದು ತೋಟದ ದಕ್ಷಿಣದ ಇಳಿಜಾರಿನ ಒಂದು ತುಂಡು ನೆಲದ ಕಡೆಗೆ.

"ಆ ಹಾಲವಾಣದ ಪಟ್ಟೆ ಉಂಟಲ್ಲ, ಅಲ್ಲೇ. ಊರವರ ಸ್ಮಶಾನಕ್ಕೆ ನಮ್ಮ ಹೆಣ ಸೇರಿಸ್ತಿರ್ಲಿಲ್ಲ. ಅಲ್ಲಿ ಇಡಿ ಅಂತ ದೊಡ್ಡ ಧಣಿಗಳು ಜಾಗ ತೋರಿಸಿದ್ರು. ಕಲ್ಲು ಮಾತ್ರ ಇಡಬಾರ್ದು. ಕಲ್ಲು ಇಟ್ರೆ ಜಾಗ ನಮ್ಮದು ಅಂತ ಆಗ್ತದಲ್ಲ. ಅದಕ್ಕೆ ತಲೆ ಹತ್ರ ಒಂದು ಹಾಲವಾಣದ ಗೂಟ ಹುಗಿಯೋದು."

ಹಾಲವಾಣ ಕಾಫಿಗೆ ನೆರಳು ಕೊಡುವ ಮರ. ಮಳೆ ಹಿಡಿದಾಗ ಅದರ ಕೊಂಬೆ ಕಡಿದು ನೆಟ್ಟರೆ ಸಾಕು, ಚಿಗುರಿಬಿಡುತ್ತದೆ. ಕೂಲಿಗಳು ಅದಕ್ಕೊಂದು ನಂಬಿಕೆ ಕಟ್ಟಿಕೊಂಡಿದ್ದರು. ಗೂಟ ಚಿಗುರಿದರೆ ಸತ್ತವರು ನೆಲ ಹಿಡಿದರು ಎಂದರ್ಥ. ಒಣಗಿದರೆ ಇನ್ನೂ ಅಲೆಯುತ್ತಿದ್ದಾರೆ, ಇನ್ನೊಂದು ನೆಡಬೇಕು. ಅಜ್ಜಿಯ ಮಗುವಿನ ಗೂಟ ಮೊದಲ ಸಲಕ್ಕೇ ಚಿಗುರಿತ್ತಂತೆ. ವರ್ಷ ಕಳೆದಂತೆ ಇಳಿಜಾರಿನ ತುಂಬ ಹಾಲವಾಣ ಎದ್ದು ನಿಂತಿತು. ಈಗಿನ ಮಾಲೀಕರ ತಂದೆ ಅದನ್ನು ನೋಡಿ, ನೆರಳು ಹೇಗೂ ತಯಾರಿದೆ ಎಂದು ಬುಡದಲ್ಲೆಲ್ಲ ಕಾಫಿ ಗಿಡ ಹಾಕಿಸಿದರು. ಗುಂಡಿ ತೆಗೆದು ಗಿಡ ಹಾಕಿದ್ದೂ ಅದೇ ಕೂಲಿಗಳು. ಕಾಫಿ ಬಂದ ಮೇಲೂ ಲೈನಿನವರು ಸತ್ತವರನ್ನು ಗಿಡಗಳ ಸಾಲಿನ ನಡುವೆ ಸಿಕ್ಕ ಜಾಗದಲ್ಲಿ ಇಡುತ್ತ ಬಂದಿದ್ದರು. ಗಿಡಕ್ಕೆ ಪೆಟ್ಟಾಗದಿದ್ದರೆ ಬಂಗಲೆಯವರು ಸುಮ್ಮನಿರುತ್ತಿದ್ದರು.

ನಾನು ಆ ಬೇಸಿಗೆಯನ್ನೆಲ್ಲ ಆ ಪಟ್ಟೆಗೆ ಸುರಿದೆ. ತೋಟದವರು ನೆರಳಿನ ಮರ ನೆಡುವಾಗ ಹಗ್ಗ ಹಿಡಿದು, ಅಳತೆಗೆ ಗೂಟ ಹೊಡೆದು, ಸಾಲಿಗೆ ನೆಡುತ್ತಾರೆ. ಎಲ್ಲಿ ನಿಂತು ನೋಡಿದರೂ ಗೆರೆ ಎಳೆದಂತೆ ಕಾಣಬೇಕು. ಈ ಪಟ್ಟೆಯಲ್ಲಿ ಸಾಲೇ ಇರಲಿಲ್ಲ. ಒಂದು ಕಡೆ ಮರಗಳು ಮಾರುಗಟ್ಟಲೆ ದೂರ, ಇನ್ನೊಂದು ಕಡೆ ಕೈಚಾಚಿದರೆ ಸಿಗುವಷ್ಟು ಹತ್ತಿರ. ಹತ್ತಿರವಿದ್ದದ್ದು ಮಕ್ಕಳವು. ಮೇಲುಗಡೆ ಒಂದು ಚಪ್ಪಟೆ ಬಂಡೆಯಿತ್ತು. ಅದನ್ನೇ ಬಿಂದು ಮಾಡಿಕೊಂಡು, ದಿಕ್ಸೂಚಿ ಇಟ್ಟು, ಅಳತೆ ಟೇಪು ಎಳೆದು ಪ್ರತಿ ಮರದ ದೂರ ಮತ್ತು ಕೋನ ತೆಗೆದೆ. ರಕ್ತ ಹೀರುವ ಇಂಬಳಗಳು ಇಲ್ಲದ ಕಾಲವಾದ್ದರಿಂದ ಕೆಲಸ ಸರಾಗವಾಗಿ ಸಾಗಿತು. ಟೇಪಿನ ಇನ್ನೊಂದು ತುದಿ ಹಿಡಿದವನು ಮೇಸ್ತ್ರಿ. ಎಷ್ಟೋ ಮರಗಳು ಯಾರವು ಎಂದು ಹೇಳುವವರೇ ಉಳಿದಿರಲಿಲ್ಲ. ಗೊತ್ತಿದ್ದವನ್ನು ಗುರುತು ಹಾಕಿಕೊಂಡೆ.

ಒಂದು ದಿನ ಎಳೆ ಮರವೊಂದರ ಹತ್ತಿರ ಬಂದಾಗ ಮೇಸ್ತ್ರಿ ಟೇಪು ಬಿಟ್ಟು ನಿಂತ. ನನ್ನ ಹೆಗಲಲ್ಲಿ ಓಡುತ್ತಿದ್ದ ರೆಕಾರ್ಡರ್ ತೋರಿಸಿ, ಮೆಷಿನ್ ಬಂದ್ ಮಾಡಿ ಎಂದ. ಮಾಡಿದೆ. ಅದು ತನ್ನ ಅಪ್ಪನದು ಎಂದ. ಸತ್ತು ಬಹಳ ವರ್ಷವಾಗಿಲ್ಲ, ಹಿತ್ತಾಳೆ ಹಿಡಿಯ ಬೆತ್ತವನ್ನು ಪಕ್ಕದಲ್ಲಿಟ್ಟೇ ಮಣ್ಣು ಮಾಡಿದ್ದು, ಅದು ಮನೆಯಲ್ಲಿದ್ದರೆ ಮಕ್ಕಳು ಹೆದರುತ್ತಾರೆ ಎಂದು ತನ್ನ ತಾಯಿ ಹಟ ಹಿಡಿದಿದ್ದಳು ಎಂದೂ ಹೇಳಿದ. ಆ ಬೆತ್ತದ ಪೆಟ್ಟು ತಿನ್ನದವರು ಲೈನಿನಲ್ಲಿ ಯಾರೂ ಇರಲಿಲ್ಲ ಎಂದು ನನಗೆ ಆಗಲೇ ಹಲವರು ಹೇಳಿದ್ದರು. ಆದರೂ ಮೇಸ್ತ್ರಿ ಅದನ್ನು ಹೆಮ್ಮೆಯಿಂದಲೇ ಹೇಳಿದ.

ಮಳೆಗಾಲ ಮುಗಿದ ಮೇಲೆ ಕಾಟೇಜಿನ ಜಾಗ ಯಾವುದೆಂದು ಗೊತ್ತಾಯಿತು. ದಕ್ಷಿಣದ ಇಳಿಜಾರಿನಿಂದ ಕಣಿವೆ ಚೆನ್ನಾಗಿ ಕಾಣುತ್ತದೆ, ಬೆಳಗಿನ ಮಂಜು ಕಾಣುತ್ತದೆ. ಆದ್ದರಿಂದ ಅಲ್ಲೇ. ನಾನು ಬಂಗಲೆಗೆ ಹೋಗಿ, ಅದು ಸ್ಮಶಾನ ಎಂದು ನೇರವಾಗಿ ಹೇಳಿದೆ. ಮಾಲೀಕರು ಸಿಟ್ಟಾಗಲಿಲ್ಲ. ಅವರ ಸಭ್ಯತೆ ಕೊನೆಯವರೆಗೂ ಹಾಳಾಗಲಿಲ್ಲ, ಅದೇ ನನಗೆ ತಡೆಯಲಾಗದ್ದು. ಹಾಗಂತ ಯಾವ ದಾಖಲೆಯಲ್ಲಿದೆ ಮೇಡಂ ಎಂದು ಕೇಳಿದರು, ಸರ್ವೆ ನಕ್ಷೆಯಲ್ಲಿ ಅದು ಕಾಫಿ ಎಂದಿದೆ ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಅಂದೇ ಲೈನಿಗೆ ಬಂದು ಸುದ್ದಿ ಹೇಳಿದೆ. ಅಜ್ಜಿ ಒಬ್ಬಳೇ ಕೇಳಿದಳು.

"ಹಾಗಾದ್ರೆ ನನ್ನನ್ನು ಎಲ್ಲಿ ಇಡ್ತಾರೆ ಅಮ್ಮ? ನನಗೆ ಮಗು ಹತ್ರ ಇಡ್ಬೇಕು. ಬೇರೆ ಎಂತ ಬೇಡ."

ಅಲ್ಲಿಗೆ ನನ್ನ ಚರಿತ್ರೆ ಅರ್ಜಿಯಾಯಿತು. ನನಗೆ ಸಂಶೋಧನೆ ಕಲಿಸಿದ ಹಿರಿಯ ಪ್ರಾಧ್ಯಾಪಕರು ಇದನ್ನು ಕೇಳಿ ಬೈದರು. ಚರಿತ್ರೆ ಬರೆಯುವವರು ಆದದ್ದನ್ನು ಬರೆಯಬೇಕು, ಆಗಬೇಕಾದ್ದಕ್ಕೆ ಕೈಹಾಕಬಾರದು ಎಂದರು. ಆದದ್ದು ಬುಲ್ಡೋಜರಿನ ಕೆಳಗೆ ಹೋದ ಮೇಲೆ ಯಾವುದನ್ನು ಬರೆಯಲಿ ಎಂದೆ. ಅವರು ಫೋನು ಇಟ್ಟರು.

ರೂಢಿಯಿಂದ ಬಂದ ಸ್ಮಶಾನ ಎಂದು ಸಾಬೀತಾದರೆ ಆ ಪಟ್ಟೆಯನ್ನು ಬೇರೆ ಮಾಡಿ ಲೈನಿನವರಿಗೆ ಬಿಡಿಸಬಹುದು ಎಂದು ಮೂಡಿಗೆರೆಯ ವಕೀಲರೊಬ್ಬರು ಹೇಳಿದರು. ಅರ್ಜಿಗೆ ಲೈನಿನವರೆಲ್ಲ ಹೆಬ್ಬೆಟ್ಟು ಒತ್ತಿದರು. ಹೆದರುತ್ತಲೇ ಒತ್ತಿದರು, ಏಕೆಂದರೆ ಲೈನು ಮನೆ ಅವರದಲ್ಲ, ಕೆಲಸ ಹೋದ ದಿನ ಮನೆಯೂ ಹೋಗುತ್ತದೆ. ಆದರೂ ಒತ್ತಿದರು. ಮೇಸ್ತ್ರಿ ಒತ್ತಲಿಲ್ಲ, ಬೇಡವೆಂದೂ ಹೇಳಲಿಲ್ಲ. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕಥೆ. ಗುಮಾಸ್ತ ರಜೆ, ಫೈಲು ಸರ್ವೆಯವರ ಹತ್ತಿರ, ಸರ್ವೆಯವರು ಕಳಸದ ಕಡೆ ಹೋಗಿದ್ದಾರೆ, ಮಳೆ ನಿಲ್ಲಲಿ, ಚುನಾವಣೆ ಮುಗಿಯಲಿ. ನಾನು ತಾಲ್ಲೂಕು ಕಚೇರಿಯ ಬೆಂಚು ಸವೆಸಿದೆ. ಬೈದೆ, ಬೇಡಿದೆ, ಒಂದು ಸಲ ಅತ್ತೂ ನೋಡಿದೆ. ಕೊನೆಗೆ ಸ್ಥಳ ತನಿಖೆಗೆ ದಿನ ಗೊತ್ತಾಗಿ ನೋಟಿಸು ಬಂತು. ಕಾನೂನಿನ ಪ್ರಕಾರ ಅದು ಎರಡೂ ಕಡೆಗೆ ಹೋಗಬೇಕು, ಹೋಯಿತು.

ತನಿಖೆಯ ಹಿಂದಿನ ದಿನ ನಾನು ಗೋಣಿಬೀಡಿನಲ್ಲಿ ಬಸ್ಸಿಳಿದು ನಡೆದು ಬಂದೆ. ತೋಟದ ಗೇಟು ದಾಟಿ ತಿರುವಿಗೆ ಬಂದಾಗ ಇಳಿಜಾರಿನ ಮೇಲೆ ಬಿಸಿಲು ಕಂಡಿತು. ಆ ಜಾಗದಲ್ಲಿ ನಾನು ಯಾವತ್ತೂ ಬಿಸಿಲು ನೋಡಿರಲಿಲ್ಲ. ಹತ್ತಿರ ಹೋದೆ. ಒಂದು ಹಾಲವಾಣವೂ ಉಳಿದಿರಲಿಲ್ಲ. ಕಡಿದದ್ದಷ್ಟೇ ಅಲ್ಲ, ಬೊಡ್ಡೆಗೆ ಚೈನು ಕಟ್ಟಿ ಟ್ರ್ಯಾಕ್ಟರಿನಿಂದ ಬೇರು ಸಮೇತ ಕಿತ್ತು, ಗುಂಡಿಗಳಿಗೆ ಮಣ್ಣೆಳೆದು ಸಮ ಮಾಡಿದ್ದರು. ಕಾಫಿ ಗಿಡಗಳನ್ನೂ ಕಿತ್ತು ಹಾಕಿದ್ದರು. ಹಸಿ ಕೊಂಬೆಗಳನ್ನು ಅಳತೆಗೆ ಕತ್ತರಿಸಿ ದಾರಿ ಬದಿಯಲ್ಲಿ ಅಚ್ಚುಕಟ್ಟಾಗಿ ಪೇರಿಸಿತ್ತು. ತೋಟದ ಇನ್ನೊಂದು ಕಡೆಯ ಹೊಸ ಪಟ್ಟೆಯಲ್ಲಿ ನೆಟ್ಟು ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಅವು ಬೇಕಾಗಿದ್ದವು. ನಾನು ಬಂಡೆಯ ಮೇಲೆ ಕೂತುಬಿಟ್ಟೆ.

ಕಡಿದವರು ಯಾರು ಎಂದು ಕೇಳಬೇಕಾಗಿರಲಿಲ್ಲ. ಹೊರಗಿನ ಆಳು ತಂದರೆ ಸುದ್ದಿಯಾಗುತ್ತದೆ. ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯ ಕಾಲವಲ್ಲದಿದ್ದರೂ ಮರಗಸಿ ಎಂದೇ ಹೇಳಿ ಲೈನಿನವರನ್ನು ಕರೆದಿದ್ದರು. ಬರದವರು ಮನೆ ಖಾಲಿ ಮಾಡಬಹುದು ಎಂದು ಹಾಜರಿ ಬರೆಯುವ ರೈಟರ್ ಮೂಲಕ ಹೇಳಿಸಿದ್ದರು. ನಾನು ಮೇಸ್ತ್ರಿಯನ್ನು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹತ್ತಿರ ಹಿಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ತನ್ನಿಂದ ಆದಷ್ಟು ಉಪಕಾರ ಮಾಡಿರುವುದಾಗಿ ಹೇಳಿದ.

"ಅವರವರ ಮರ ಅವರವರೇ ಕಡೀಬಾರ್ದು ಅಂತ ನಾನೇ ಅದಲುಬದಲು ಮಾಡಿದೆ ಮೇಡಂ. ಇವರದ್ದು ಅವರು, ಅವರದ್ದು ಇವರು. ಯಾರಿಗೂ ಸ್ವಂತದವರ ಬುಡಕ್ಕೆ ಕತ್ತಿ ಹಾಕೋ ಪಾಪ ಬರ್ಲಿಲ್ಲ. ಅಷ್ಟಾದ್ರೂ ಮಾಡಿದ್ದೀನಲ್ಲ."

ಅವನು ಅದನ್ನು ನಿಜವಾಗಿಯೂ ದಯೆ ಎಂದೇ ತಿಳಿದಿದ್ದ. ಲೈನಿಗೆ ಹೋದಾಗ ಅದರ ಫಲ ಕಂಡೆ. ಅಕ್ಕಪಕ್ಕದ ಕೋಣೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬಾವಿಕಟ್ಟೆಯಲ್ಲಿ ಒಬ್ಬಳು ಬಂದರೆ ಇನ್ನೊಬ್ಬಳು ಕೊಡ ಎತ್ತಿಕೊಂಡು ಹೋಗುತ್ತಿದ್ದಳು. ತನ್ನವರ ಮರವನ್ನು ತಾನೇ ಕಡಿದಿದ್ದರೆ ಅತ್ತು ಮುಗಿಸಬಹುದಿತ್ತು. ಈಗ ಪ್ರತಿಯೊಬ್ಬರೂ ಪಕ್ಕದವರ ಸತ್ತವರಿಗೆ ಕೈ ಮಾಡಿದವರಾಗಿದ್ದರು. ನಾಳೆ ಅಧಿಕಾರಿಯ ಮುಂದೆ ನಿಂತು, ಇಲ್ಲಿ ನಮ್ಮವರ ಮರವಿತ್ತು ಎಂದರೆ, ಕಡಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಉತ್ತರ ಪಕ್ಕದಲ್ಲೇ ನಿಂತಿರುತ್ತದೆ. ಮಾಲೀಕರು ಇಷ್ಟು ದೂರ ಆಲೋಚಿಸಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರ ಕೆಲಸವನ್ನು ಮೇಸ್ತ್ರಿಯ ಕರುಣೆಯೇ ಮಾಡಿಕೊಟ್ಟಿತ್ತು.

ಅಜ್ಜಿಯ ಮಗುವಿನ ಮರ ಕಡಿದದ್ದು ಯಾರೆಂದು ಅವಳು ಹೇಳಲಿಲ್ಲ. ನಾನು ಒತ್ತಾಯಿಸಿದ್ದಕ್ಕೆ, ಪಾಪ ಅವರಿಗೂ ಮಕ್ಕಳಿದ್ದಾವೆ ಬಿಡಿ ಎಂದಳು.

ಮರುದಿನ ತಹಶೀಲ್ದಾರರು ಸರ್ವೆಯವರನ್ನೂ ಗ್ರಾಮಲೆಕ್ಕಿಗರನ್ನೂ ಕರೆದುಕೊಂಡು ಜೀಪಿನಲ್ಲಿ ಬಂದರು. ಕೆಟ್ಟ ಮನುಷ್ಯರೇನಲ್ಲ. ನನ್ನ ನಕ್ಷೆಯನ್ನು ಬಂಡೆಯ ಮೇಲೆ ಹರಡಿಸಿ ಗಮನವಿಟ್ಟು ನೋಡಿದರು. ಸರ್ವೆಯವರಿಂದ ಎರಡು ಮೂರು ಅಳತೆ ತೆಗೆಸಿದಾಗ, ನಕ್ಷೆಯಲ್ಲಿ ಮರವಿದ್ದ ಕಡೆಯಲ್ಲೆಲ್ಲ ಹೊಸ ಮಣ್ಣಿತ್ತು. ಮರ ಇದ್ದದ್ದು ನಿಜ ಎಂದು ಒಪ್ಪಿದರು. ಆದರೆ ಕಾಫಿ ತೋಟದಲ್ಲಿ ಹಾಲವಾಣ ಇರುವುದು ಸಹಜವಲ್ಲವೇ ಎಂದರು. ಸಾಲಿನಲ್ಲಿರಲಿಲ್ಲ ಎಂದೆ. ಮಾಲೀಕರು ನಗುತ್ತ, ನಮ್ಮ ತಂದೆಯವರಿಗೆ ಕಣ್ಣು ಸ್ವಲ್ಪ ಮಂದ ಎಂದರು. ನಿಂತಿದ್ದ ಕೆಲವರು ನಕ್ಕರು.

ರೆಕಾರ್ಡರಿನ ಟೇಪು ಕೇಳಿಸಿದೆ. ಅಜ್ಜಿಯ ದನಿ ಬಂತು, ಇನ್ನೂ ಕೆಲವರದು ಬಂತು. ತಹಶೀಲ್ದಾರರು ಆ ದನಿಯವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರು. ನೆನಪಿಲ್ಲ ಎಂದರು. ಹಿರಿಯರು ಹೇಳುತ್ತಿದ್ದರು, ನಾವು ನೋಡಿಲ್ಲ ಎಂದರು. ಒಬ್ಬ ಹೆಂಗಸು ಬಾಯಿ ತೆರೆದು, ಎದುರಿಗಿದ್ದ ಪಕ್ಕದ ಮನೆಯವಳನ್ನು ನೋಡಿ, ಮತ್ತೆ ಮುಚ್ಚಿಕೊಂಡಳು. ಆಗ ತಹಶೀಲ್ದಾರರು, ಯಾರಾದರೂ ಸಂಬಂಧಿಕರು ಒಪ್ಪಿದರೆ ಒಂದು ಕಡೆ ಅಗೆದು ನೋಡಿ ಮಹಜರು ಬರೆಯುತ್ತೇನೆ, ಏನಾದರೂ ಸಿಕ್ಕರೆ ಪಟ್ಟೆ ನಿಮ್ಮದಾಗುತ್ತದೆ ಎಂದರು.

ಹಿತ್ತಾಳೆ ಕೊಳೆಯುವುದಿಲ್ಲ. ಮೇಸ್ತ್ರಿಯ ಅಪ್ಪನ ಜಾಗ ನನ್ನ ನಕ್ಷೆಯಲ್ಲಿ ಅಂಗುಲದ ಲೆಕ್ಕದಲ್ಲಿತ್ತು. ಅಲ್ಲಿ ಅಗೆದರೆ ಬೆತ್ತದ ಹಿಡಿ ಸಿಗುತ್ತದೆ, ದೊಡ್ಡವನ ಮೂಳೆಯೂ ಸಿಗುತ್ತದೆ, ಎಲ್ಲ ಮುಗಿಯುತ್ತದೆ. ನಾನು ಮೇಸ್ತ್ರಿಯ ಹೆಸರು ಹಿಡಿದು ಕರೆದೆ. ಇವರ ತಂದೆಯನ್ನು ಇಲ್ಲೇ ಮಣ್ಣು ಮಾಡಿದ್ದು, ಇವರನ್ನೇ ಕೇಳಿ ಎಂದೆ. ಅವನು ಮುಂದೆ ಬಂದ. ಮಾಲೀಕರು ಕನ್ನಡಕ ಒರೆಸಿಕೊಳ್ಳುತ್ತಿದ್ದರು, ಅವನ ಕಡೆ ನೋಡಲಿಲ್ಲ.

"ಇಲ್ಲ ಸಾರ್. ನಮ್ಮಪ್ಪನ್ನ ಇಲ್ಲಿ ಇಟ್ಟಿಲ್ಲ. ಹೊಳೆ ಹತ್ರ ಸುಟ್ಟಿದ್ದು."

ಅಜ್ಜಿ ಕೋಲೂರಿಕೊಂಡು ಎದ್ದು ಬಂದಳು. "ನಿನ್ನಪ್ಪನ ಮೈ ತೊಳೆಯಕ್ಕೆ ನೀರು ಕಾಯಿಸಿ ಕೊಟ್ಟವಳು ನಾನು. ಹೇಳು ಮಾರಾಯ. ನಿನ್ನಪ್ಪನ್ನ ಸುಟ್ಟಿದ್ದಾ?"

"ಸುಟ್ಟಿದ್ದು ಅಜ್ಜಿ," ಎಂದ. ಹೇಳಿಕೆಗೆ ಸಹಿಯನ್ನೂ ಹಾಕಿದ.

ಉಳಿದವರು ಯಾರೂ ಮುಂದೆ ಬರಲಿಲ್ಲ. ತಹಶೀಲ್ದಾರರು ಗಡಿಯಾರ ನೋಡಿಕೊಂಡರು. ಆಗ ಅಜ್ಜಿ, ನನ್ನ ಮಗುವಿನದು ತೆಗೆಯಿರಿ ಎಂದಳು. ನಾನು ಅವಳನ್ನು ಪಕ್ಕಕ್ಕೆ ಕರೆದುಕೊಂಡು ಹೋದೆ. ಈ ಬೆಟ್ಟಗಳ ಮಣ್ಣು ಹುಳಿ, ಅದಕ್ಕೇ ತೋಟದವರು ಸುಣ್ಣ ಹಾಕಿಸುತ್ತಾರೆ. ಅಷ್ಟು ವರ್ಷದ ಮಳೆಯಲ್ಲಿ ಎಳೆ ಮಗುವಿನದು ಏನೂ ಉಳಿದಿರುವುದಿಲ್ಲ. ಸಿಗದಿದ್ದರೆ, ಇಲ್ಲಿ ಏನೂ ಇರಲಿಲ್ಲ ಎಂದು ಸರ್ಕಾರವೇ ಬರೆದುಕೊಟ್ಟಂತಾಗುತ್ತದೆ. ಇದನ್ನೆಲ್ಲ ನಾನು ಮುಚ್ಚುಮರೆಯಿಲ್ಲದೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಮತ್ತೆ ಬೇರೆ ಯಾರು ಕೊಡ್ತಾರೆ ಅಮ್ಮ? ನಾಳೆ ಮಿಷನ್ ಬಂದ್ರೆ ಹೇಗೂ ಮಗೂನ ಕೆದರಿ ಹಾಕ್ತದೆ. ನಾನು ಇರುವಾಗಲೇ ಆಗ್ಲಿ."

ಬೇಡ ಎಂದು ಹಿಂದೆ ಸರಿದು ಇನ್ನೊಂದು ದಿನ ಕೇಳಬಹುದಿತ್ತು. ಇನ್ನೊಂದು ದಿನ ಬರುವುದಿಲ್ಲ ಎಂದು ಆ ಬೆಂಚು ಸವೆಸಿದ ನನಗೆ ಚೆನ್ನಾಗಿ ಗೊತ್ತಿತ್ತು. ಅಗೆಯಿರಿ ಎಂದು ಒಪ್ಪಿಗೆ ಬರೆದು ಅಜ್ಜಿಯ ಹೆಬ್ಬೆಟ್ಟಿನ ಪಕ್ಕದಲ್ಲಿ ಸಾಕ್ಷಿ ಹಾಕಿದೆ.

ಬಂಡೆಯಿಂದ ಟೇಪು ಎಳೆದು ಜಾಗ ತೋರಿಸಿದೆ. ಲೈನಿನ ಇಬ್ಬರು ಗಂಡಸರು ಹಾರೆ ಗುದ್ದಲಿ ಹಿಡಿದರು. ಮೇಲಿನ ಮಣ್ಣು ಸಡಿಲವಿತ್ತು, ಸಲೀಸಾಗಿ ಬಂತು. ಸೊಂಟದ ಆಳದಲ್ಲಿ ಸುತ್ತ ಕೆಂಪು ಗಟ್ಟಿ ಮಣ್ಣು, ನಡುವೆ ಚಿಕ್ಕದಾಗಿ ಕಪ್ಪು ಮೆತ್ತನೆಯ ಮಣ್ಣು ಕಂಡಿತು. ಇದು ಹಿಂದೆ ಅಗೆದ ಗುರುತು, ನೋಡಿ ಎಂದು ಕೂಗಿದೆ. ತಹಶೀಲ್ದಾರರು ಬಗ್ಗಿ ನೋಡಿದರು. ಬೊಡ್ಡೆ ಕಿತ್ತ ಗುಂಡಿ ಅಲ್ಲವೇ ಎಂದರು. ಎರಡೂ ಒಂದೇ ಥರ ಕಾಣುತ್ತವೆ ಎಂದು ಬೊಡ್ಡೆ ಕೀಳಿಸಿದವರಿಗೆ ಗೊತ್ತಿತ್ತು, ಅದಕ್ಕೇ ಕೀಳಿಸಿದ್ದರು. ನಾನು ಆ ಕಪ್ಪು ಮಣ್ಣನ್ನು ಕೈಯಲ್ಲೇ ಜಾಲಿಸಿದೆ. ಬೇರಿನ ತುಂಡು, ಹೆಂಟೆ, ಮತ್ತೆ ಬೇರು. ಇನ್ನೂ ಸ್ವಲ್ಪ ಎಂದು ಕೆಳಗೆ ಹೋದರು. ಗಟ್ಟಿ ನೆಲ ಬಂತು.

ಅಜ್ಜಿ ಗುಂಡಿಯ ಅಂಚಿನಲ್ಲಿ ಕೂತಿದ್ದಳು. "ಎಂತ ಇಲ್ವಾ?"

"ಇಲ್ಲ ಅಜ್ಜಿ."

"ನಾನೇ ಇಟ್ಟದ್ದು," ಎಂದಳು. ನನಗೆ ಹೇಳಿದ್ದಲ್ಲ, ಅಲ್ಲಿದ್ದ ಯಾರಿಗೂ ಹೇಳಿದ್ದಲ್ಲ.

ಗ್ರಾಮಲೆಕ್ಕಿಗರು ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದರು. ಸದರಿ ಸ್ಥಳದಲ್ಲಿ ಶವ ಸಂಸ್ಕಾರದ ಯಾವುದೇ ಕುರುಹು ಕಂಡುಬಂದಿರುವುದಿಲ್ಲ. ಓದಿ ಹೇಳಿ ಸಹಿ ತೆಗೆದುಕೊಂಡರು. ಗುಂಡಿ ಮುಚ್ಚಲು ಮೇಸ್ತ್ರಿ ಆಳುಗಳಿಗೆ ಸನ್ನೆ ಮಾಡಿದಾಗ ಅಜ್ಜಿ ಕೈ ಅಡ್ಡ ಹಿಡಿದಳು.

"ಹೇಗೂ ತೆಗೆದಾಯ್ತಲ್ಲ, ಮುಚ್ಚಬೇಡಿ. ನನಗೆ ಆಗ್ತದೆ."

ಮಾಲೀಕರು ಮುಂದೆ ಬಂದು ಅವಳ ಭುಜ ಹಿಡಿದು ಎಬ್ಬಿಸಿದರು. ಹಾಗೆಲ್ಲ ಅನ್ನಬಾರದು, ನೀವು ಇನ್ನೂ ಬಹಳ ಕಾಲ ಬದುಕಬೇಕು ಎಂದು ಸಮಾಧಾನ ಮಾಡಿದರು. ಎಲ್ಲರಿಗೂ ಬಂಗಲೆಯಲ್ಲಿ ಕಾಫಿ ತಿಂಡಿ ಆಗಿದೆ ಎಂದು ತಹಶೀಲ್ದಾರರ ಕಡೆ ತಿರುಗಿದರು. ಆಳುಗಳು ಮಣ್ಣೆಳೆದರು. ಅಜ್ಜಿಯನ್ನು ತಂಗಿಯ ಮಗಳು ಕೈಹಿಡಿದು ಕರೆದುಕೊಂಡು ಹೋದಳು.

ನಾನು ಬಂಡೆಯ ಮೇಲೆ ನಕ್ಷೆ ಮಡಿಸುತ್ತಿದ್ದೆ. ಕೊನೆಗೆ ಉಳಿದವನು ಮೇಸ್ತ್ರಿ. ಹಾರೆ ಹೆಗಲಿಗಿಟ್ಟುಕೊಂಡು ನೇರವಾಗಿ ಇಳಿಜಾರು ಇಳಿಯುತ್ತಿದ್ದವನು ಒಂದು ಕಡೆ ನಿಂತ. ಅಲ್ಲಿ ಮರವಿಲ್ಲ, ಬೊಡ್ಡೆಯಿಲ್ಲ, ಬರೀ ಸಮ ಮಾಡಿದ ಮಣ್ಣು. ಅವನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಆ ಜಾಗವನ್ನು ತುಳಿಯದೆ ಸುತ್ತಿ ಬಳಸಿ, ಆಚೆಗೆ ಹೋದ ಮೇಲೆ ಹಾಕಿಕೊಂಡ. ಅದು ಯಾರ ಜಾಗವೆಂದು ತಿಳಿಯಲು ನನ್ನ ನಕ್ಷೆಯನ್ನು ಬಿಚ್ಚಿ ನೋಡುವ ಅಗತ್ಯವಿರಲಿಲ್ಲ. ಜೀಪು ಆಗಲೇ ಬಂಗಲೆಯ ತಿರುವು ದಾಟಿತ್ತು.

ಮುಂದಿನ ಬೇಸಿಗೆಯ ಹೊತ್ತಿಗೆ ಕಾಟೇಜುಗಳ ಗೋಡೆ ಎದ್ದಿತ್ತು. ಆಮೇಲಿನ ಮಳೆಗಾಲದಲ್ಲಿ ಅಜ್ಜಿ ಸತ್ತಳು. ಪಂಚಾಯಿತಿಯವರು ಲೈನಿನವರಿಗೆಂದು ಹಳ್ಳದ ಬದಿಯಲ್ಲಿ ಒಂದು ತುಂಡು ಜಾಗ ತೋರಿಸಿದ್ದರು. ನಾನು ಹೋಗುವ ಹೊತ್ತಿಗೆ ಗುಂಡಿ ತೆಗೆದಾಗಿತ್ತು, ಅದರಲ್ಲಿ ನೀರು ನಿಂತಿತ್ತು. ಪೇಂಟಿನ ಡಬ್ಬದಲ್ಲಿ ಮೊಗೆದಷ್ಟೂ ಒರತೆ ಬಂತು. ಕೊನೆಗೆ ಹಾಗೇ ಇಳಿಸಿದರು. ದೇಹ ತೇಲಿ ಮೇಲೆ ಬಂತು. ಎದೆಯ ಮೇಲೆ, ಕಾಲಿನ ಮೇಲೆ ಕಲ್ಲು ಹೇರಿ ಒತ್ತಿ ಹಿಡಿದು ಮಣ್ಣು ತಳ್ಳಿದರು. ನಾನು ನೋಡುತ್ತ ನಿಂತಿದ್ದೆ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ವರ್ಷ ಅನ್ನಿಸಿತು. ಬರೆಯದಿದ್ದರೆ ಹಾಜರಿ ಪುಸ್ತಕ ಬರೆದ ರೈಟರುಗಳಿಗೂ ನನಗೂ ವ್ಯತ್ಯಾಸವಿರುವುದಿಲ್ಲ.

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ, ಪಟ್ಟೆಯಲ್ಲಿ ಯಾರನ್ನು ಇಟ್ಟಿತ್ತು ಎಂಬ ಅಧ್ಯಾಯಕ್ಕಾಗಿ ಹೆಸರುಗಳನ್ನು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಲು ಆ ಕಡೆ ಓಡಾಡಿದೆ. ಮಾಲೀಕರು ಅಷ್ಟರಲ್ಲಿ ತೋಟ ಮಾರಿ ಹೋಗಿದ್ದರು. ಹೊಸ ಮಾಲೀಕರಿಗೆ ಹಳೆಯ ಮೇಸ್ತ್ರಿ ಬೇಕಾಗಿರಲಿಲ್ಲ, ಲೈನು ಮನೆ ಬಿಡಿಸಿದ್ದರು. ಅವನು ಗೋಣಿಬೀಡಿನಲ್ಲಿ ಮಗಳ ಮನೆಯಲ್ಲಿದ್ದ. ನಾನು ಬಂದಿರುವ ಸುದ್ದಿ ತಿಳಿದು ಬಸ್ ಸ್ಟ್ಯಾಂಡಿಗೆ ಹುಡುಕಿಕೊಂಡು ಬಂದ. ಗುರುತು ಸಿಗದಷ್ಟು ಇಳಿದು ಹೋಗಿದ್ದ. ಆರೋಗ್ಯ ವಿಚಾರಿಸಿದ, ಮಳೆಯ ಸುದ್ದಿ ಹೇಳಿದ, ಬಸ್ಸು ಬರುವ ತನಕ ಎದುರಿಗೇ ನಿಂತ. ಬಸ್ಸು ಕಾಣಿಸಿದಾಗ ಕೇಳಿದ.

"ಮೇಡಂ, ಪಟ್ಟೆಯಲ್ಲಿ ಇದ್ದವರ ಹೆಸರೆಲ್ಲ ಬರ್ತದಂತಲ್ಲ. ನಮ್ಮಪ್ಪನದ್ದೂ ಹಾಕ್ತೀರಾ?"

"ನಿಮ್ಮಪ್ಪನ್ನ ಹೊಳೆ ಹತ್ತಿರ ಸುಟ್ಟಿದ್ದಲ್ಲವಾ?"

ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲು ಬಡಿದು ಮೂಡಿಗೆರೆ, ಮೂಡಿಗೆರೆ ಎಂದು ಕೂಗುತ್ತಿದ್ದ.

"ನೀವು ಆವತ್ತು ನೋಡಿದ್ರಿ," ಎಂದ ಮೆಲ್ಲಗೆ. "ನಾನು ಇಳಿದು ಹೋಗುವಾಗ ನೀವು ಬಂಡೆ ಮೇಲೆ ಇದ್ರಿ."

ನೋಡಿದ್ದೆ. ಆದರೆ ಅವನು ಸಹಿ ಹಾಕಿಕೊಟ್ಟ ಹೇಳಿಕೆ ತಾಲ್ಲೂಕು ಕಚೇರಿಯಲ್ಲಿದೆ, ಹಳ್ಳದ ಬದಿಯ ನೀರಿನಲ್ಲಿ ಅಜ್ಜಿ ಇದ್ದಾಳೆ. ದಾಖಲೆ ಇದ್ದದ್ದನ್ನು ಮಾತ್ರ ಬರೆಯುವುದು ಎಂದು ಹೇಳಿ ಬಸ್ಸು ಹತ್ತಿದೆ. ಕಿಟಕಿಯ ಹೊರಗೆ ಅವನು ತಲೆಯಾಡಿಸಿದ್ದು ಕಂಡಿತು. ಪುಸ್ತಕದಲ್ಲಿ ಆ ಹೆಸರಿಲ್ಲ. ಎರಡನೇ ಮುದ್ರಣಕ್ಕೆ ತಿದ್ದುಪಡಿ ಏನಾದರೂ ಇದೆಯೇ ಎಂದು ಪ್ರಕಾಶಕರು ಕೇಳಿದಾಗಲೂ ಇಲ್ಲ ಎಂದೇ ಬರೆದು ಕಳಿಸಿದೆ.